ಸಣ್ಣ ಲೇತ್‌ಗೆ ಯಾವ ಕಾರ್ಬೈಡ್ ಇನ್ಸರ್ಟ್ ಕೊಳ್ಳಬೇಕು?

ನಿಮ್ಮದು 7x14 ಮಿನಿ ಲೇತ್, ಅರ್ಧ ಕಿಲೋವಾಟ್ ಮೋಟಾರು, ಕೆಲಸ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಮತ್ತು ಅಲ್ಯೂಮಿನಿಯಂ. ಅಂಗಡಿಯವರು ಸಿಎನ್‌ಎಂಜಿ ಎಂಬ ಇನ್ಸರ್ಟ್ (ಹೋಲ್ಡರ್ ಎಂಬ ಹಿಡಿಗೆ ಕೂರಿಸುವ, ಸವೆದರೆ ಬದಲಿಸುವ ಕತ್ತರಿಸುವ ತುಂಡು) ತಗೊಳ್ಳಿ, ಒಂದರಲ್ಲಿ ನಾಲ್ಕು ಮೂಲೆ ಬಳಸಬಹುದು ಅಂದರು, ತಗೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಅದು ದೊಡ್ಡ ಮೆಷಿನ್ನಿನ ಸರಕು. ಅದರ ಪಕ್ಕಕ್ಕೆ ಇಳಿಜಾರೇ ಇಲ್ಲ, ಹೋಲ್ಡರ್‌ನಲ್ಲೇ ವಾಲಿಸಿ ಕೂರಿಸಿರುತ್ತಾರೆ. ಹೀಗಾಗಿ ಲೋಹವನ್ನು ಕತ್ತರಿಸುವುದಕ್ಕಿಂತ ತಳ್ಳುವುದೇ ಹೆಚ್ಚು. ಆ ಒತ್ತಡ ತಡೆಯುವಷ್ಟು ಗಟ್ಟಿತನ ಸಣ್ಣ ಲೇತ್‌ಗಿಲ್ಲ, ಚಾಟರ್ (ಟೂಲಿನ ನಡುಕ) ಶುರುವಾಗುತ್ತದೆ.

ನೀವು ಕೇಳಬೇಕಾದ್ದು ಸಿಸಿಎಂಟಿ 060204. ಮೊದಲ 'ಸಿ' ಅಂದರೆ 80 ಡಿಗ್ರಿಯ ಆಕಾರ, ಎರಡನೆಯದು 7 ಡಿಗ್ರಿ ಇಳಿಜಾರು. ಕೊನೆಯ 04 ಅಂದರೆ ಮೂಗಿನ ರೇಡಿಯಸ್ 0.4 ಮಿ.ಮೀ. ಈ ಕೊನೆಯ ಅಂಕಿಯನ್ನು ಯಾರೂ ನೋಡುವುದಿಲ್ಲ, ಆದರೆ ಫಿನಿಶಿಂಗ್ ಹಾಳಾಗುವುದು ಇದರಿಂದಲೇ. ಕೊನೆಯಲ್ಲಿ 08 ಇರುವುದನ್ನು ಕೊಂಡು 0.1 ಮಿ.ಮೀ. ಕಟ್ ಕೊಟ್ಟರೆ ದುಂಡು ಮೂಗು ಮಾತ್ರ ತಾಗಿ, ಜಾಬ್ (ಕಡೆಯುತ್ತಿರುವ ರಾಡು) ಹಿಂದಕ್ಕೆ ಬಾಗುತ್ತದೆ. ಕಟ್ಟಿನ ಆಳ ರೇಡಿಯಸ್‌ಗಿಂತ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ತೆಳು ರಾಡಿಗೆ ಕೊನೆಯಲ್ಲಿ 02 ಇರುವುದನ್ನು ಹಾಕಿ, ಆದರೆ ಅದರ ತುದಿ ಬೇಗ ಮುರಿಯುತ್ತದೆ.

ನನ್ನ ಕೈಗೆ ಹೆಚ್ಚು ಒಗ್ಗಿರುವುದು ಇದೇ ಆಕಾರದ ಸಿಸಿಜಿಟಿ. ಅಲ್ಯೂಮಿನಿಯಂಗೆಂದು ಗ್ರೈಂಡ್ ಮಾಡಿ ಪಾಲಿಶ್ ಹಾಕಿದ್ದು, ಬ್ಲೇಡಿನಂತೆ ಚೂಪು. ಚಿನ್ನದ ಬಣ್ಣದ ಕೋಟಿಂಗ್ ಇರುವವುಗಳ ಅಂಚನ್ನು ಸಾಮಾನ್ಯವಾಗಿ ತುಸು ದುಂಡಗೆ ಮಾಡಿರುತ್ತಾರೆ, ಅವು ವೇಗ ಕೇಳುತ್ತವೆ. ಎಂಎಸ್‌ಗೆ ನಿಮಿಷಕ್ಕೆ 100 ಮೀಟರ್ ಬೇಕೆಂದರೆ 10 ಮಿ.ಮೀ. ರಾಡಿಗೆ ಸುಮಾರು 3,200 ಆರ್‌ಪಿಎಂ ಆಗುತ್ತದೆ, ನಿಮ್ಮ ಲೇತ್ ಅಷ್ಟು ತಿರುಗುವುದಿಲ್ಲ. ಹಗುರ ಕಟ್ ಕೊಡುವ ನಮ್ಮಂಥವರಿಗೆ ಎಂಎಸ್‌ಗೂ ಸಿಸಿಜಿಟಿ ನಡೆಯುತ್ತದೆ, ಬಾಳಿಕೆ ಮಾತ್ರ ಕಡಿಮೆ. ಚೌಕ ರಾಡಿನ ಮೂಲೆ ತೆಗೆಯುವಂಥ ಬಿಟ್ಟು ಬಿಟ್ಟು ತಾಗುವ ಕೆಲಸಕ್ಕೆ ಹಾಕಬೇಡಿ.

ಅಂಥ ಕೆಲಸಕ್ಕೂ ಪಾರ್ಟಿಂಗ್‌ಗೂ (ರಾಡನ್ನು ತುಂಡರಿಸಿ ಬೇರ್ಪಡಿಸುವುದು) ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಇರಲಿ. ಬೆಂಚ್ ಗ್ರೈಂಡರಿನಲ್ಲಿ ನೀವೇ ಹಿಡಿದು ಚೂಪು ಮಾಡಿಕೊಳ್ಳಬಹುದು. ಲೇತ್ ಜೊತೆ ಕೊಡುವ ಬ್ರೇಜ್ ಮಾಡಿದ (ತುದಿಗೆ ಬೆಸೆದ) ಕಾರ್ಬೈಡ್ ಟೂಲುಗಳ ಸೆಟ್ಟನ್ನು ಎತ್ತಿಡಿ. ಅವನ್ನು ಚೂಪು ಮಾಡಲು ಹಸಿರು ಸಿಲಿಕಾನ್ ಕಾರ್ಬೈಡ್ ವ್ಹೀಲೋ ಡೈಮಂಡ್ ವ್ಹೀಲೋ ಬೇಕು, ಮಾಮೂಲಿ ಕಲ್ಲಿಗೆ ಬಗ್ಗುವುದಿಲ್ಲ.

ಹೋಲ್ಡರ್ ಎಸ್‌ಸಿಎಲ್‌ಸಿಆರ್ 1010 (10 ಮಿ.ಮೀ. ಚೌಕದ ಹಿಡಿ) ಸಾಕು. ಕೊಳ್ಳುವ ಮೊದಲು ಟೂಲ್ ಪೋಸ್ಟಿನಲ್ಲಿ ಟೂಲ್ ಕೂರುವ ತಳದಿಂದ ಸೆಂಟರಿಗೆ ಎಷ್ಟು ಎತ್ತರವಿದೆ ಅಂತ ಅಳೆಯಿರಿ. ಹೋಲ್ಡರ್ ತಗ್ಗಿದ್ದರೆ ಅಡಿಗೆ ಶಿಮ್ (ತೆಳು ತಗಡು) ಹಾಕಬಹುದು. ಎತ್ತರ ಹೆಚ್ಚಾದರೆ ತಳ ಮಿಲ್ ಮಾಡಿಸಲು ಅಲೆಯಬೇಕು. ಬೋರಿಂಗ್ ಬಾರ್ (ತೂತಿನ ಒಳಗೆ ಕಡೆಯುವ ಟೂಲ್) ಕೂಡ 06 ಸೈಜಿನ ಸಿಸಿಎಂಟಿ ಕೂರುವಂಥದ್ದನ್ನೇ ಆರಿಸಿ, ಒಂದೇ ಡಬ್ಬಿ ಎರಡಕ್ಕೂ ಆಗುತ್ತದೆ. ಸಣ್ಣ ಟಾರ್ಕ್ಸ್ ಸ್ಕ್ರೂ ನಾಲ್ಕಾರು ಹೆಚ್ಚಿಗೆ ತನ್ನಿ, ಚಿಪ್ ರಾಶಿಯೊಳಗೆ ಬಿದ್ದರೆ ಸಿಗುವುದಿಲ್ಲ.