ಮೊದಲು ಆ ಬ್ರಾಸೋ ಪಾಲಿಶ್ ಕೆಳಗಿಡಿ

ಸರ್, ದಯವಿಟ್ಟು ಇನ್ನೊಂದು ಹ್ಯಾಂಡಲ್ ಮುಟ್ಟಬೇಡಿ. ಪ್ಯಾರಿಸ್ಸಿನ ಹಳೇಸಾಮಾನಿನ ಸಂತೇಲಿ ತಗೊಂಡ ಲೂಯಿ 15 (18ನೇ ಶತಮಾನದ ಫ್ರೆಂಚ್ ರಾಜ) ಸ್ಟೈಲ್ ಡ್ರಾಯರ್ ಬೀರಿನ ಫೋಟೋ ಹಾಕಿ, ಅದರ ಚಿನ್ನದ ಲೇಪದ ಹ್ಯಾಂಡಲ್ಲಿಗೆ "ಬ್ರಾಸೋ ಹಾಕಿ ಉಜ್ಜಿದೆ, ಫಳಫಳ ಅಂತಿದೆ, ನಾಳೆ ಪಕ್ಕದ ತೆಳು ಮರದ ಹೊದಿಕೆ, ಅಂದ್ರೆ ವಿನೀರ್‌ಗೆ ಸ್ಯಾಂಡ್‌ಪೇಪರ್" ಅಂತ ಬರೆದಿದೀರಲ್ಲ, ಎರಡನೇ ಫೋಟೋದಲ್ಲಿ ಹ್ಯಾಂಡಲ್ ಮೇಲಿನ ಎಲೆ ಚಿತ್ತಾರದ ಉಬ್ಬಿದ ತುದಿ ನೋಡಿ, ತಿಳಿ ಹಳದಿ ಆಗಿದೆ. ಅಲ್ಲಿ ಚಿನ್ನ ಹೋಗಿ ಕೆಳಗಿನ ಲೋಹ ಕಾಣ್ತಿದೆ. ನಾನೂ ಒಂದು ಜೊತೆ ಕ್ಯಾಂಡಲ್ ಸ್ಟ್ಯಾಂಡ್ ಹೀಗೇ ಕಳಕೊಂಡಿದೀನಿ, ಅದಕ್ಕೇ ಇಷ್ಟು ಹೇಳ್ತಿರೋದು.

ಪಾದರಸದ ಗಿಲ್ಡಿಂಗ್ (ಚಿನ್ನವನ್ನ ಪಾದರಸದಲ್ಲಿ ಕಲಸಿ ಬಳಿದು, ಕಾಸಿ ಪಾದರಸ ಹಾರಿಸಿ ಉಳಿಸೋ ಚಿನ್ನದ ಲೇಪ) ತೀರ ತೆಳು. ಮೇಲಾಗಿ ಆ ಕಾಲದ ಕೆಲಸಗಾರರು ಬೇಕಂತಲೇ ಕೆಲವು ಕಡೆ ಮಂಕು ಬಿಟ್ಟು, ಕೆಲವು ಕಡೆ ಅಗೇಟ್ ಕಲ್ಲಲ್ಲಿ ತಿಕ್ಕಿ ಮಿಂಚು ತಂದಿರ್ತಾರೆ, ಬ್ರಾಸೋ ಎರಡನ್ನೂ ಒಂದೇ ಮಾಡಿಬಿಡತ್ತೆ. ಅದು ಬಾಗಿಲ ಚಿಲಕಕ್ಕೆ ಸರಿ.

ನಾನು ಮಾಡೋದು: ಪೀಸ್ ಬಿಚ್ಚಿ, ರಟ್ಟಿನ ಮೇಲೆ ಅದರ ಔಟ್‌ಲೈನ್ ಬರೆದು, ಯಾವ ತೂತಿಂದ ಯಾವ ಸ್ಕ್ರೂ ಬಂತೋ ಅದೇ ಜಾಗದಲ್ಲಿ ಚುಚ್ಚಿಡೋದು. ಹಳೇ ಸ್ಕ್ರೂ ಕೈಯಲ್ಲಿ ಮಾಡಿದ್ದು, ಒಂದರ ತೂತಿಗೆ ಇನ್ನೊಂದು ಕೂರಲ್ಲ, ಬಲವಂತ ಮಾಡಿದ್ರೆ ಮರ ಸೀಳತ್ತೆ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲದ) ಸೋಪು, ಹತ್ತಿಕಡ್ಡಿ ಅದ್ದಿ ಉರುಳಿಸಬೇಕು, ಉಜ್ಜಬಾರದು, ಕಪ್ಪಾದ ಕೂಡ್ಲೆ ಬಿಸಾಕಿ ಹೊಸದು. ಬರೀ ಡಿಸ್ಟಿಲ್ಡ್ ನೀರಲ್ಲಿ ಮತ್ತೆ ತೊಳೆದು ತಕ್ಷಣ ಒಣಗಿಸಿ. ಕಡ್ಡಿಗೆ ಹಳದಿ ಹತ್ತಿದ್ರೆ ಅಲ್ಲೇ ನಿಲ್ಲಿಸಿ, ಅದು ಚಿನ್ನ ಅಲ್ಲದೆ ಬರೀ ಬಣ್ಣದ ವಾರ್ನಿಷ್ ಇರಬಹುದು. ಸ್ಕ್ರೂ ತುಕ್ಕು ಹಿಡಿದು ಬರ್ತಿಲ್ಲ ಅಂದ್ರೆ ಬಿಟ್ಬಿಡಿ, ಮರದ ಮೇಲಿರುವಾಗಲೇ ನೀರು ಹಚ್ಚೋಕೆ ಹೋಗಬೇಡಿ.

ಬಿಚ್ಚಿದಾಗ ಹಿಂಬದಿ ನೋಡಿ. ಅಂಚಲ್ಲಿ ಮಾತ್ರ ಚಿನ್ನ ಹರಿದಿದ್ರೆ ಪಾದರಸದ ಕೆಲಸ ಇರಬಹುದು, ಹಿಂದೆಲ್ಲಾ ಒಂದೇ ಸಮ ಹಳದಿ ಇದ್ರೆ ಎಲೆಕ್ಟ್ರೋಪ್ಲೇಟಿಂಗ್ (ಕರೆಂಟಿಂದ ಚಿನ್ನ ಹತ್ತಿಸೋದು), ಅಂದ್ರೆ 1840ರ ಈಚಿನದು. ಆದ್ರೆ ಹಳೇ ಪೀಸನ್ನ ಆಮೇಲೆ ಪ್ಲೇಟ್ ಮಾಡಿಸಿರೋದೂ ಉಂಟು, ಇದೊಂದನ್ನೇ ನಂಬಬೇಡಿ.

ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ಮರದ ಮೇಲಿರೋದು ಅರಗಿನ ಪಾಲಿಶ್, ಅದಕ್ಕೆ ಮೇಣ ಸಾಕು, ನನಗೆ ರೆನೆಸಾನ್ಸ್ ವ್ಯಾಕ್ಸ್ ಇಷ್ಟ, ಸಿಲಿಕೋನ್ ಸ್ಪ್ರೇ ಮನೆಗೇ ತರಬೇಡಿ. ಎದ್ದಿರೋ ವಿನೀರ್‌ಗೆ ಫೆವಿಕಾಲ್ ಹಾಕ್ತೀನಿ ಅಂತ ಯಾರೋ ಮೇಲಿನ ಕಾಮೆಂಟಲ್ಲಿ ಬರೆದಿದಾರೆ, ಅಯ್ಯೋ ಬೇಡ! ಹಳೇ ಕಾಲದ ಸರೇಸನ್ನೇ (ಪ್ರಾಣಿಗಳ ಚರ್ಮ, ಎಲುಬಿಂದ ಮಾಡೋ ಅಂಟು) ಹಾಕಿ, ಅದು ಬಿಸಿ, ತೇವಕ್ಕೆ ಮತ್ತೆ ಸಡಿಲ ಆಗತ್ತೆ, ಮುಂದೆ ರಿಪೇರಿ ಮಾಡೋರಿಗೆ ಅದೇ ಬೇಕು.

ಬೀರು ಯಾವ ಕಾಲದ್ದು ತಿಳೀಬೇಕಾದ್ರೆ ಮೇಲಿನ ಅಮೃತಶಿಲೆ ಎತ್ತಿ, ಮುಂದಿನ ಮೂಲೆಯ ಮರದ ಕಂಬದ ತಲೆ ಮೇಲೆ ಮುದ್ರೆ ಇದೆಯಾ ನೋಡಿ. ಮಾಡಿದವರ ಹೆಸರಿನ ಪಕ್ಕ ಜೆಎಂಇ (JME) ಇದ್ರೆ ಪ್ಯಾರಿಸ್ಸಿನ ಬಡಗಿಗಳ ಸಂಘದ (ಗಿಲ್ಡ್) ತಪಾಸಣೆ ಗುರುತು, ಆ ಗಿಲ್ಡ್ 1791ರಲ್ಲೇ ರದ್ದಾಯ್ತು, ಅಸಲಿ ಆದ್ರೆ ಅದಕ್ಕಿಂತ ಹಳೇದು, ಆದ್ರೆ ನಕಲಿ ಮುದ್ರೆಗಳೂ ಬೇಕಾದಷ್ಟಿವೆ. ಕಲ್ಲನ್ನ ಇಬ್ಬರು ಹಿಡಿದು, ಅಂಚಿನ ಮೇಲೆ ನಿಲ್ಲಿಸಿಕೊಂಡೇ ಹೊರಿ. ಮಲಗಿಸಿ ಎತ್ತಿದ್ರೆ ತನ್ನ ಭಾರಕ್ಕೇ ನಡುವೆ ಮುರಿಯತ್ತೆ.