ಹೊಲದಲ್ಲಿ ಅದಿರು ಇದೆ ಅನ್ನಿಸಿದರೆ ಸರ್ಕಾರದ ಅನುದಾನ ತಗೊಂಡು ಕೊರೆಯಬಹುದಾ?

ಹೊಳಲ್ಕೆರೆ ಕಡೆ ಹೊಲ, ಹೊಲದಲ್ಲಿ ಭಾರವಾದ ಕಪ್ಪು ಕಲ್ಲು, ಮನೆ ಮುಂದೆ ಬೋರ್‌ವೆಲ್ ಲಾರಿ, ಮೇಲಿಂದ "ಖನಿಜ ಹುಡುಕಿದರೆ ಸರ್ಕಾರ ಅರ್ಧ ದುಡ್ಡು ವಾಪಸ್ ಕೊಡುತ್ತದೆ" ಅಂತ ಹೇಳುವ ಸ್ನೇಹಿತ. ಸಾಲ ಮಾಡಿ ಕೋರ್ ಡ್ರಿಲ್ಲಿಂಗ್ ಮಷಿನ್ (ಕಲ್ಲನ್ನು ಪುಡಿ ಮಾಡದೆ ಇಡಿಯಾಗಿ ಕೊರೆದು ತೆಗೆಯುವಂಥದ್ದು) ತಗೊಂಡರೆ ನಮ್ಮ ಹೊಲವನ್ನೂ ಕೊರೆಯಬಹುದು, ಖಾಲಿ ಇದ್ದಾಗ ಖನಿಜ ಹುಡುಕುವ ಏಜೆನ್ಸಿಯವರ ಕೆಲಸವನ್ನೂ ಹಿಡಿಯಬಹುದು, ಅಲ್ವಾ ನಿಮ್ಮ ಲೆಕ್ಕ? ಹೊಲ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಾನು ಮಾಡಿ ಮುಗಿಸಿದ್ದೇನೆ.

ನಾನು ದುರ್ಗದವನು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತಲ್ಲ, ಆಗ ಅದಿರು ಲಾರಿ ಬಿಟ್ಟು ಬೋರ್‌ವೆಲ್‌ಗೆ ಬಂದೆ. ನಮ್ಮ ಜಿಲ್ಲೆಯಲ್ಲಿ ಬರಗಾಲ ಬಂದರೆ ಬೋರ್‌ವೆಲ್‌ನವರಿಗೆ ಸುಗ್ಗಿ. ಚೆನ್ನಾಗೇ ನಡೆಯುತ್ತಿತ್ತು. ಆಮೇಲೆ ಒಂದು ಖಾಸಗಿ ಏಜೆನ್ಸಿಗೆ ನಮ್ಮ ಕಡೆ ತಾಮ್ರ, ಚಿನ್ನ ಹುಡುಕುವ ಸರ್ಕಾರಿ ಪ್ರಾಜೆಕ್ಟ್ ಸಿಕ್ಕಿತು. ಇಂಗಳದಾಳ್‌ನಲ್ಲಿ ಹಿಂದೆ ಹಟ್ಟಿ ಚಿನ್ನದ ಗಣಿ ಕಂಪನಿ ತಾಮ್ರ ತೆಗೆಯುತ್ತಿದ್ದದ್ದು ಗೊತ್ತಿರಬಹುದು. ಅದೇ ಥರದ ಕಲ್ಲಿನ ಪಟ್ಟಿ. ಏಜೆನ್ಸಿಯವರ ಹತ್ತಿರ ಜಿಯಾಲಜಿಸ್ಟ್‌ಗಳಿದ್ದರು, ಮಷಿನ್ ಇರಲಿಲ್ಲ. ಮೀಟರ್ ಲೆಕ್ಕದಲ್ಲಿ ಕೊರೆದುಕೊಡಿ ಅಂದರು. ಸರ್ಕಾರದ ದುಡ್ಡು, ಮುಳುಗುವುದಿಲ್ಲ ಅಂತ ಸಾಲ ಮಾಡಿ ಹಳೆಯ ಕೋರ್ ಮಷಿನ್ ಒಂದನ್ನು ತಂದೆ.

ಆ ದುಡ್ಡಿನ ಮೂಲ ಹೇಳಿಬಿಡುತ್ತೇನೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿದಾಗ ರಾಷ್ಟ್ರೀಯ ಖನಿಜ ಅನ್ವೇಷಣಾ ಟ್ರಸ್ಟ್ ಬಂತು. ಗಣಿ ಲೀಸ್ ಇರುವವರು ಕಟ್ಟುವ ರಾಯಲ್ಟಿಯ ಮೇಲೆ ಶೇ. 2 ಇದಕ್ಕೆ ಹೋಗುತ್ತಿತ್ತು, 2025ರ ತಿದ್ದುಪಡಿಯಲ್ಲಿ ಅದನ್ನು ಶೇ. 3 ಮಾಡಿದರು. (ಊರಿನ ರಸ್ತೆ, ಶಾಲೆ, ನೀರಿಗೆ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಬೇರೆ. ಪಂಚಾಯ್ತಿ ಕಟ್ಟೆಯಲ್ಲಿ ಎರಡನ್ನೂ ಕಲಸಿ ಜಗಳ ಆಡುತ್ತಾರೆ.) ಟ್ರಸ್ಟ್ ಹಣದಲ್ಲಿ ಕೇಂದ್ರದ ಜಿಎಸ್‌ಐ (ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ), ಎಂಇಸಿಎಲ್ (ಖನಿಜ ಹುಡುಕುವ ಸರ್ಕಾರಿ ಕಂಪನಿ), ರಾಜ್ಯದ ಗಣಿ ಇಲಾಖೆ, ಇತ್ತೀಚೆಗೆ ಮಾನ್ಯತೆ ಪಡೆದ ಖಾಸಗಿ ಏಜೆನ್ಸಿಗಳೂ ಹುಡುಕಾಟ ನಡೆಸುತ್ತವೆ.

ಈಗ ನಾನು ಎಡವಿದ ಜಾಗ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಯಾಕೆಂದರೆ ಬೋರ್‌ವೆಲ್‌ನಿಂದ ಬರುವ ಯಾರಾದರೂ ಇಲ್ಲೇ ಬೀಳುತ್ತಾರೆ.

ವರ್ಕ್ ಆರ್ಡರ್‌ನಲ್ಲಿ ಒಂದು ಸಾಲು ಇತ್ತು: ಕೋರ್ ರಿಕವರಿ ಶೇ. 90ಕ್ಕಿಂತ ಕಮ್ಮಿ ಬಂದ ಮೀಟರ್‌ಗೆ ಹಣ ಇಲ್ಲ. ಓದಿದೆ. ಓದಿ ಸುಮ್ನೆ ಸಹಿ ಹಾಕಿದೆ. ಬೋರ್‌ವೆಲ್‌ನಲ್ಲಿ ಕಲ್ಲು ಪುಡಿಯಾಗಿ ಗಾಳಿಯಲ್ಲಿ ಮೇಲಕ್ಕೆ ಹಾರುತ್ತದೆ, ಅದು ನಮಗೆ ಕಸ. ಅಡಿ ಎಷ್ಟಾಯಿತು, ನೀರು ಬಂತಾ, ಅಷ್ಟೇ ಮಾತು. ಕೋರ್ ಡ್ರಿಲ್ಲಿಂಗ್‌ನಲ್ಲಿ ಆ ಕಲ್ಲೇ ಮಾಲು. ವಜ್ರ ಕೂರಿಸಿದ ಬಳೆಯಂಥ ಬಿಟ್ ಸುತ್ತಲೂ ಕೊಯ್ಯುತ್ತದೆ, ನಡುವಿನ ಕಲ್ಲು ಕಬ್ಬಿನ ಜಲ್ಲೆ ಥರ ಬ್ಯಾರಲ್ ಅನ್ನುವ ಕೊಳವೆ ಒಳಗೆ ಏರುತ್ತದೆ, ಅದೇ ಕೋರ್. ಎನ್‌ಕ್ಯೂ ಅನ್ನುವ ಸೈಜ್ ಆದರೆ ಕೋರ್ ದಪ್ಪ 47.6 ಮಿಲಿಮೀಟರ್. ಮೂರು ಮೀಟರ್ ಕೊರೆದು ಮೂರು ಮೀಟರ್ ಕಲ್ಲು ಬಂದರೆ ರಿಕವರಿ ಶೇ. 100, ಒಂದು ಮುಕ್ಕಾಲು ಮೀಟರ್ ಬಂದರೆ ಶೇ. 60 ಕೂಡ ಇಲ್ಲ. ಬಂದದ್ದನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಉದ್ದಕ್ಕೆ ಸೀಳಿ, ಅರ್ಧ ಲ್ಯಾಬ್‌ಗೆ ಕಳಿಸುತ್ತಾರೆ, ಅರ್ಧ ಇಟ್ಟುಕೊಳ್ಳುತ್ತಾರೆ.

ಗಟ್ಟಿ ಕಲ್ಲಲ್ಲಿ ನಮಗೆ ತೊಂದರೆಯೇ ಆಗಲಿಲ್ಲ. ಪೆಟ್ಟಿಗೆ ಮೇಲೆ ಪೆಟ್ಟಿಗೆ ತುಂಬಿತು. ಆಮೇಲೆ ಶಿಯರ್ ಝೋನ್ ಸಿಕ್ಕಿತು. ಅಂದರೆ ನೆಲ ಉಜ್ಜಿ ನುಜ್ಜುಗುಜ್ಜಾದ ಜಾಗ: ಕರಿ ಮೆತ್ತನೆ ಕಲ್ಲು, ಜೇಡಿ, ಚೂರಾದ ಬೆಣಚು. ಪಂಪ್ ಮಾಡಿದ ನೀರು ವಾಪಸ್ ಬರುವುದೇ ನಿಂತಿತು. ಅಲ್ಲಿ ಅರ್ಧ ಮೀಟರ್, ಜಾಸ್ತಿ ಅಂದರೆ ಒಂದು ಮೀಟರ್ ಕೊರೆದು ಬ್ಯಾರಲ್ ಎತ್ತಬೇಕಿತ್ತು, ನೀರಿನ ಒತ್ತಡ ತಗ್ಗಿಸಬೇಕಿತ್ತು, ಬೆಂಟೊನೈಟ್ ಮಣ್ಣು ಕಲಸಿ ಬಿಡಬೇಕಿತ್ತು, ಸಾಧ್ಯವಾದರೆ ಪುಡಿ ಕಲ್ಲನ್ನು ಕಾಪಾಡುವ ಮೂರು ಪದರದ ಟ್ರಿಪಲ್ ಟ್ಯೂಬ್ ಬ್ಯಾರಲ್ ತರಿಸಬೇಕಿತ್ತು. ನಾನು ಮಾಡಿದ್ದು ಪೂರ್ತಿ ಉಲ್ಟಾ. ಬಿಟ್ ಬಿಸಿಯಾಗುತ್ತದೆ ಅಂತ ನೀರು ಜಾಸ್ತಿ ಬಿಟ್ಟೆ, ಮೆತ್ತನೆ ಕಲ್ಲು ಬೇಗ ಇಳಿಯುತ್ತದೆ ಅಂತ ಖುಷಿಯಾಗಿ ಒಂದೇ ಸಲಕ್ಕೆ ಮೂರು ಮೀಟರ್ ಇಳಿಸಿದೆ. ಆ ದಿನದ ಮೀಟರ್ ಲೆಕ್ಕ ನೋಡಿ ಹುಡುಗರಿಗೆ ಬಿರಿಯಾನಿ ಬೇರೆ ಕೊಡಿಸಿದ್ದೆ! ನೀರು ಆ ಪುಡಿಯನ್ನೆಲ್ಲ ತೊಳೆದುಕೊಂಡು ಹೋಗಿತ್ತು. ಪೆಟ್ಟಿಗೆಯಲ್ಲಿ ಕಲ್ಲಿಗಿಂತ ಖಾಲಿ ಜಾಗ ತೋರಿಸುವ ಮರದ ತುಂಡುಗಳೇ ಜಾಸ್ತಿ ಇದ್ದವು.

ತಾಮ್ರವೋ ಚಿನ್ನವೋ, ಇದ್ದರೆ ಇರುವುದು ಇಂಥ ಪುಡಿ ಜಾಗದಲ್ಲೇ. ಗಟ್ಟಿ ಕಲ್ಲಿನ ಕೋರ್ ನೂರಕ್ಕೆ ನೂರು ಬಂದು, ಇದು ಕೈಬಿಟ್ಟರೆ ಆ ತೂತಿಗೆ ಕಿಮ್ಮತ್ತಿಲ್ಲ. ಎಷ್ಟು ದಪ್ಪ, ಟನ್‌ಗೆ ಎಷ್ಟು ಲೋಹ ಅಂತ ಜಿಯಾಲಜಿಸ್ಟ್ ಯಾವ ಆಧಾರದ ಮೇಲೆ ಹೇಳಬೇಕು? ಸರ್ಕಾರ ದುಡ್ಡು ಕೊಡುವುದು ಆ ಮಾಹಿತಿಗೆ. ಏಜೆನ್ಸಿಯವರ ಬಿಲ್ಲಿಗೆ ಕತ್ತರಿ ಬಿತ್ತು, ಅವರು ನನ್ನದಕ್ಕೆ ಹಾಕಿದರು. ಪಕ್ಕದಲ್ಲೇ ಇನ್ನೊಂದು ತೂತು ನನ್ನ ಖರ್ಚಿನಲ್ಲಿ ಕೊರೆದುಕೊಟ್ಟೆ. ಮಿಕ್ಕ ಹಣ ಕೂಡ ಅವರಿಗೆ ಬಂದ ಮೇಲೇ ನನಗೆ, ಬ್ಯಾಂಕಿನ ಕಂತು ಮಾತ್ರ ಯಾರಿಗೂ ಕಾಯಲಿಲ್ಲ. ಮಷಿನ್ ಹೋಯಿತು, ಜೊತೆಗೆ ಒಂದು ಬೋರ್‌ವೆಲ್ ಲಾರಿಯೂ ಹೋಯಿತು.

ಇನ್ನು ನಿಮ್ಮ ಹೊಲದ ವಿಷಯ. ನೀವು ಪ್ರಶ್ನೆ ಶುರು ಮಾಡಿದ್ದೇ ತಪ್ಪು ಜಾಗದಿಂದ. ಲೈಸೆನ್ಸ್ ಇಲ್ಲದೆ ಖನಿಜಕ್ಕಾಗಿ ಕೊರೆಯುವಂತಿಲ್ಲ, ಹೊಲ ನಿಮ್ಮಪ್ಪಂದೇ ಆಗಿದ್ದರೂ. ಗಣಿ ಕಾಯ್ದೆಯ 4ನೇ ಸೆಕ್ಷನ್ ಅದನ್ನೇ ಹೇಳುತ್ತದೆ, 21ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು ಇದೆ. ಟ್ರಸ್ಟ್ ಹಣದಲ್ಲಿ ಅದಿರು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆ ಜಾಗ ಗಣಿ ಬ್ಲಾಕ್ ಆಗಿ ಹರಾಜಿಗೆ ಹೋಗುತ್ತದೆ. ಕೊರೆದವನಿಗೆ ಅದರಲ್ಲಿ ಪಾಲಿಲ್ಲ.

ಆ "ಅರ್ಧ ವಾಪಸ್" ಸುಳ್ಳಲ್ಲ. 2023ರ ತಿದ್ದುಪಡಿಯಲ್ಲಿ ಬಂದ ಅನ್ವೇಷಣಾ ಲೈಸೆನ್ಸ್ ಇರುವವರಿಗೆ ಖರ್ಚಿನ ಅರ್ಧ, 20 ಕೋಟಿ ರೂಪಾಯಿವರೆಗೆ, ಮರಳಿ ಕೊಡುವ ಯೋಜನೆ ಇದೆ. ಆದರೆ ಆ ಲೈಸೆನ್ಸ್ ಕೂಡ ಹರಾಜಿನಲ್ಲೇ ಸಿಗುವುದು. ಅದು 29 ಖನಿಜಗಳಿಗೆ ಮಾತ್ರ: ಚಿನ್ನ, ತಾಮ್ರ, ಲಿಥಿಯಂ, ನಿಕ್ಕಲ್ ಥರದವು. ಕಬ್ಬಿಣ, ಮ್ಯಾಂಗನೀಸ್ ಆ ಪಟ್ಟಿಯಲ್ಲಿಲ್ಲ, ಹೊಳಲ್ಕೆರೆ ಕಡೆಯ ಭಾರದ ಕಪ್ಪು ಕಲ್ಲು ಹೆಚ್ಚಾಗಿ ಇವೆರಡರಲ್ಲಿ ಒಂದು. ಅದೂ ಅಲ್ಲದೆ, ಅರ್ಧ ವಾಪಸ್ ಬರಬೇಕಾದರೆ ಪೂರ್ತಿ ಮೊದಲು ನಿಮ್ಮ ಜೇಬಿನಿಂದ ಹೋಗಬೇಕು. ನಿಮ್ಮ ಸ್ನೇಹಿತ ನೋಡಿದ ವಿಡಿಯೋ ಪಶ್ಚಿಮ ಆಸ್ಟ್ರೇಲಿಯಾದ್ದು ಇರಬೇಕು. ಅಲ್ಲಿ 2009ರಿಂದ ಸಣ್ಣ ಕಂಪನಿಗಳ ಡ್ರಿಲ್ಲಿಂಗ್ ಖರ್ಚಿನಲ್ಲಿ ಸರ್ಕಾರ ಪಾಲು ಹಾಕುತ್ತದೆ, ಆದರೆ ಅಲ್ಲಿ ಜಾಗ ಹಿಡಿಯಲು ಅರ್ಜಿ ಹಾಕಿದರೆ ಸಾಕು, ನಮ್ಮ ಥರ ಹರಾಜು ಗೆಲ್ಲಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ಕಂಪನಿಗಳಿಗೆ ಪುಕ್ಕಟೆ ದುಡ್ಡು ಸುರಿಯುತ್ತಾರೆ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಮೊದಲ ಹಂತದ ತೂತುಗಳಲ್ಲಿ ಬಹಳಷ್ಟು ಖಾಲಿಯೇ ಬರುತ್ತವೆ. ಅದಕ್ಕೆ ಸ್ವಂತ ದುಡ್ಡು ಹಾಕುವ ಖಾಸಗಿಯವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ? ಸರ್ಕಾರ ಹಾಕಬೇಕು. ನೀವು ಮತ್ತು ನಾನು ಸಾಲ ತಂದು ಅದರ ಮಧ್ಯೆ ನಿಲ್ಲಬಾರದು ಅಷ್ಟೇ.

ಕಲ್ಲಿನ ಒಂದು ತುಂಡು ದುರ್ಗದ ಗಣಿ ಇಲಾಖೆ ಕಚೇರಿಗೆ ಒಯ್ದು ತೋರಿಸಿ. ಮಷಿನ್ ಆಸೆ ಬಿಡದಿದ್ದರೆ ಮೊದಲು ಬೇರೆಯವರ ಕೋರ್ ರಿಗ್‌ನಲ್ಲಿ ಕೂಲಿಗಾದರೂ ನಿಂತು ಪುಡಿ ಕಲ್ಲಲ್ಲಿ ಅವರು ಬ್ಯಾರಲ್ ಎಷ್ಟು ಸಲ ಎತ್ತುತ್ತಾರೆ ನೋಡಿ. ಏಜೆನ್ಸಿಯವರು ನಿಮಗೆ ಆಗಲೇ ವರ್ಕ್ ಆರ್ಡರ್ ಕಳಿಸಿದ್ದರೆ ಸಹಿ ಹಾಕುವ ಮುಂಚೆ ರಿಕವರಿ ಶರತ್ತು ಇರುವ ಪುಟವನ್ನು ಇಲ್ಲಿ ಹಾಕಿ, ಹೆಸರು ಮುಚ್ಚಿ ಹಾಕಿದರೂ ಸರಿ, ಶಿಯರ್ ಝೋನ್‌ಗೆ ಬೇರೆ ರೇಟ್ ಕೇಳುವುದು ಹೇಗೆ ಅಂತ ಹೇಳುತ್ತೇನೆ.