ಯಾದಗಿರಿ, ಕಲಬುರಗಿ ಕಡೆ ಹಳ್ಳದ ಗುಂಟ ನಡೆದು ಗವಿ ಸೇರುವಂಥ ಜಾಗ ಇದೆಯಾ?

ಮಲೆನಾಡಿನಿಂದ ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ, ಇಲ್ಲಿ ಬರೀ ಬಿಸಿಲು, ನಡೆಯೋಕೆ ಜಾಗವೇ ಇಲ್ಲ ಅಂತ ಯಾರೋ ಹೇಳಿದರು ಎಂದು ಬರೆದಿದ್ದೀರಿ. ಹಾಗೇನಿಲ್ಲ. ಚಿಂತನಹಳ್ಳಿಗೆ ಹೋಗಿ ಬನ್ನಿ.

ಯಾದಗಿರಿಯಿಂದ ಗುರುಮಠಕಲ್ ಕಡೆ ಹೋದರೆ ಸಿಗುವ ಊರು ಅದು. ಅಲ್ಲಿ ಗುಡ್ಡದ ನಡುವೆ ಗವಿಸಿದ್ಧಲಿಂಗೇಶ್ವರನ ಗವಿ ಇದೆ. ಮಳೆ ಚೆನ್ನಾಗಿ ಆದ ವರ್ಷ ಬಂಡೆಯ ಮೇಲಿಂದ ಹಳ್ಳದ ನೀರು ಧುಮುಕುತ್ತದೆ. ಬೇಸಿಗೆಯಲ್ಲಿ ಹೋದರೆ ಒಣ ಬಂಡೆ ನೋಡಿ ಬರಬೇಕಷ್ಟೇ.

ಶ್ರಾವಣದಲ್ಲಿ ಜನ ಜಾಸ್ತಿ, ತೆಲಂಗಾಣದಿಂದಲೂ ಬರುತ್ತಾರೆ. ಭಕ್ತಿಗೆ ಹೋಗುವುದಾದರೆ ಆಗಲೇ ಹೋಗಿ. ನಡೆಯುವ ಆಸೆಗಾದರೆ ಶ್ರಾವಣ ಮುಗಿದ ಮೇಲೆ, ದಸರೆಯ ಒಳಗೆ, ವಾರದ ನಡುವಿನ ಒಂದು ದಿನ ಒಳ್ಳೆಯದು. ಗುಡ್ಡ ಇನ್ನೂ ಹಸಿರಾಗಿರುತ್ತದೆ. ಗಾಡಿಯಲ್ಲೇ ಆದಷ್ಟು ಹತ್ತಿರ ಹೋಗಿಬಿಡೋಣ ಅನಿಸುತ್ತದೆ, ಬೇಡ. ಊರಲ್ಲೇ ಬಿಟ್ಟು, ದಾರಿ ಕೇಳಿಕೊಂಡು ನಡೆಯಿರಿ. ನೀರಿನ ಸದ್ದು ಮೊದಲು ಕೇಳಿಸಿ, ಆಮೇಲೆ ಗವಿ ಕಾಣಬೇಕು. ಊರಿಂದ ದೂರ, ಆದರೆ ನೀರಿಗೆ ಹತ್ತಿರ ಇರುವ ಇಂಥ ಜಾಗವನ್ನು ಸಿದ್ಧರು ಯಾಕೆ ಹುಡುಕಿದರು ಅನ್ನೋದು ನಡೆದು ಹೋದವರಿಗೆ ಬೇಗ ತಿಳಿಯುತ್ತದೆ ಅಂತ ನನ್ನ ನಂಬಿಕೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನಮ್ಮ ಕಡೆಯ ಹಳ್ಳಗಳು ನಿಮ್ಮೂರಿನ ಹೊಳೆಗಳಂತಲ್ಲ. ಅಲ್ಲಿ ಕಾಡು ನೀರು ಹಿಡಿದಿಟ್ಟು ನಿಧಾನ ಬಿಡುತ್ತದೆ. ಇಲ್ಲಿ ಬೋಳು ಗುಡ್ಡ, ಬಂಡೆ. ಬಿದ್ದ ಮಳೆ ಬಿದ್ದ ಹಾಗೇ ಓಡಿ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಊರಲ್ಲಿ ಮಳೆ ಸುರಿದಿದ್ದರೆ ಹಳ್ಳ ಏರುತ್ತದೆ. ತಿಳಿಯಾಗಿದ್ದ ನೀರು ರಾಡಿಯಾಯಿತೋ, ಕಸಕಡ್ಡಿ ತೇಲಿ ಬಂತೋ, ಫೋಟೋ ಆಸೆ ಬಿಟ್ಟು ದಂಡೆ ಹತ್ತಿ. ದಾಟಿದ ಮೇಲೆ ನೀರು ಬಂದರೆ ಆಚೆ ದಂಡೆಯಲ್ಲೇ ಕೂತು ಇಳಿಯುವ ತನಕ ಕಾಯಿರಿ. ಪಾಚಿ ಕಟ್ಟಿದ ಬಂಡೆ ಮೇಲೆ ಚಪ್ಪಲಿ ನಿಲ್ಲಲ್ಲ, ಹಿಡಿತ ಇರುವ ಬೂಟು ಬೇಕು.

ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಕುಡಿಯುವ ನೀರು ಮಾತ್ರ ಮನೆಯಿಂದಲೇ ಒಯ್ಯಿರಿ. ಸ್ನಾನ ಮಾಡಿದವರು ಶಾಂಪೂ ಚೀಟಿ, ಹಳೇ ಬಟ್ಟೆ ನೀರಲ್ಲೇ ಬಿಟ್ಟು ಹೋಗುವುದು ಕಂಡರೆ ನನಗೆ ತುಂಬಾ ಸಂಕಟ. ನಿಮ್ಮ ಕಸದ ಜೊತೆ ಅದನ್ನೂ ಒಂದಿಷ್ಟು ಎತ್ತಿ ತಂದರೆ ದೊಡ್ಡ ಉಪಕಾರ.

ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಇವೆ, ಖಂಡಿತ ನೋಡಿ. ಆದರೆ ಅಲ್ಲಿ ಹಳ್ಳದ ನಡಿಗೆ ಸಿಗಲ್ಲ. ದೊಡ್ಡ ನದಿಯೇ ಬೇಕು ಅಂದರೆ ನಾರಾಯಣಪುರದ ಹತ್ತಿರ, ಕೃಷ್ಣೆಯ ದಂಡೆಯ ಛಾಯಾ ಭಗವತಿ ಇದೆ. ಅಲ್ಲಿಗೆ ಹೊರಡುವ ಮುಂಚೆ ಬಸವಸಾಗರ ಅಣೆಕಟ್ಟಿನ ಗೇಟು ತೆಗೆದಿದ್ದಾರಾ ಅಂತ ಕೇಳಿಕೊಳ್ಳಿ. ನೀರು ಬಿಟ್ಟಾಗ ಗುಡಿಯ ಮೆಟ್ಟಿಲುಗಳೇ ಮುಳುಗುತ್ತವೆ.